ನುಡಿ ಮತ್ತು ನಡೆ: ಸಿ. ಎಂ. ಪೂಣಚ್ಚನವರು

ಹೋರಾಟದ ದಿನಗಳಲ್ಲಿ ಒಂದು ತತ್ತ್ವವನ್ನು ಸಾರುವುದು ಕಷ್ಟವಾದರೂ ಸ್ಪಷ್ಟವಾದ ಕಾರ್ಯ. ಎದುರಾಳಿ ಹೊರಗಿನವನು, ತ್ಯಜಿಸಬೇಕಾದುದು ತನ್ನ ಸುಖ. ಹೋರಾಟ ಗೆದ್ದು ಅಧಿಕಾರ ಕೈಗೆ ಬಂದ ಮೇಲೆ ಅದೇ ತತ್ತ್ವವನ್ನು ಉಳಿಸಿಕೊಳ್ಳುವುದು ಇನ್ನೂ ಕಠಿನ. ಆಗ ತ್ಯಜಿಸಬೇಕಾದುದು ಅಧಿಕಾರವನ್ನೇ. 1789ರಲ್ಲಿ ಫ್ರಾನ್ಸಿನ ಕ್ರಾಂತಿಕಾರರು ಸ್ವಾತಂತ್ರ್ಯ ಸಮಾನತೆಗಳನ್ನು ಘೋಷಿಸಿದರು. ಕೆಲವೇ ವರ್ಷಗಳಲ್ಲಿ ತಮ್ಮವರನ್ನೇ ಶಿರಚ್ಛೇದ ಯಂತ್ರಕ್ಕೆ ಒಪ್ಪಿಸಿದರು. 1804ರಲ್ಲಿ ಆ ಕ್ರಾಂತಿಯ ಸೇನಾನಿಯೇ ಚಕ್ರವರ್ತಿಯ ಕಿರೀಟ ಧರಿಸಿದನು. 1917ರಲ್ಲಿ ಜನರ ಹೆಸರಿನಲ್ಲಿ ಅಧಿಕಾರ ಹಿಡಿದ ರಷ್ಯದ ಕ್ರಾಂತಿಕಾರರು, ಮರುವರ್ಷದ ಆರಂಭದಲ್ಲಿಯೇ ಜನರು ಆರಿಸಿದ ಸಂವಿಧಾನ ಸಭೆಯನ್ನು ವಿಸರ್ಜಿಸಿದರು. ನಾಯಕರು ತಾವು ಸಾರಿದ ತತ್ತ್ವಕ್ಕೆ ಕಡೆಯವರೆಗೂ ನಿಷ್ಠರಾಗಿರುವರೇ ಎಂಬ ಪ್ರಶ್ನೆ ಆದುದರಿಂದ ಬಹಳ ಹಳೆಯದು. ನಮ್ಮ ನಾಡಿನ ಕೊಡಗಿನಲ್ಲಿಯೂ ಈ ಪ್ರಶ್ನೆ ಒಮ್ಮೆ ಬಹು ತೀವ್ರವಾಗಿ ಎದ್ದಿತು. ಅದನ್ನು ಎದುರಿಸಿದವರು ಕೊಡಗು ರಾಜ್ಯದ ಏಕೈಕ ಮುಖ್ಯಮಂತ್ರಿಗಳಾದ ಚೆಪ್ಪುಡೀರ ಮುತ್ತಣ್ಣ ಪೂಣಚ್ಚನವರು.

ಪೂಣಚ್ಚನವರು 1910ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಕೊಡಗಿನಲ್ಲಿ ಜನಿಸಿದರು. ಗದ್ದೆ, ಕಾಫಿ ತೋಟ, ದಟ್ಟವಾದ ಕಾಡು, ತಿಂಗಳುಗಟ್ಟಲೆ ಸುರಿಯುವ ಮಳೆ ಇವುಗಳ ನಡುವೆ ಬೆಳೆದ ಜನ ಕೊಡಗಿನವರು. ಹಾಲೇರಿ ವಂಶದ ಅರಸರು ಎರಡು ಶತಮಾನಗಳಿಗೂ ಹೆಚ್ಚು ಕಾಲ ಆಳಿದ ಈ ಸೀಮೆಯನ್ನು ಇಂಗ್ಲಿಷರು 1834ರಲ್ಲಿ ವಶಪಡಿಸಿಕೊಂಡರು. ಮೂರು ವರ್ಷಗಳ ಬಳಿಕ ಅಮರಸುಳ್ಯದ ರೈತರು ದಂಗೆಯೆದ್ದರು. ಆ ದಂಗೆಯ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅಲ್ಲಿಂದ ಮುಂದೆ ಇಂಗ್ಲಿಷರು ಕೊಡಗನ್ನು ದಂಡನೆಗಿಂತ ಹೆಚ್ಚಾಗಿ ಮನ್ನಣೆಯಿಂದ ತಮ್ಮ ಕಡೆಗೆ ಒಲಿಸಿಕೊಳ್ಳಲು ಯತ್ನಿಸಿದರು. ಕೊಡವರಿಗೆ ಆಯುಧ ಶಾಸನದಿಂದ ವಿನಾಯಿತಿ ದೊರೆಯಿತು. ಸರಕಾರದ ಹುದ್ದೆಗಳೂ ಸೈನ್ಯದ ಪದವಿಗಳೂ ಅವರಿಗೆ ತೆರೆದವು. ಇಂತಹ ನಾಡಿನಲ್ಲಿ ಸರಕಾರವನ್ನು ವಿರೋಧಿಸುವುದೆಂದರೆ ಅಧಿಕಾರಿಗಳನ್ನು ಎದುರಿಸುವುದಷ್ಟೇ ಆಗಿರಲಿಲ್ಲ. ಎಷ್ಟೋ ಸಲ ತನ್ನ ಒಕ್ಕದ ಹಿರಿಯರನ್ನೂ ನೆಂಟರಿಷ್ಟರನ್ನೂ ಎದುರು ಹಾಕಿಕೊಳ್ಳುವುದಾಗಿತ್ತು.

ತರುಣ ಪೂಣಚ್ಚನವರು ಆ ದಾರಿಯನ್ನೇ ಹಿಡಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಂಗ್ರೆಸ್ಸನ್ನು ಸೇರಿದರು. ಕಾನೂನು ಭಂಗ ಚಳವಳಿಯಲ್ಲಿ ಭಾಗವಹಿಸಿ 1932 ಮತ್ತು 1933ರಲ್ಲಿ ಸೆರೆಮನೆ ಕಂಡರು. 1933ರಲ್ಲಿ ಕೊಡಗು ಜಿಲ್ಲಾ ಕಾಂಗ್ರೆಸ್ ಸಮಿತಿಯ ಕಾರ್ಯದರ್ಶಿಯಾದಾಗ ಅವರಿಗೆ ಇನ್ನೂ ಇಪ್ಪತ್ತಮೂರು ವರ್ಷ. ಮರುವರ್ಷದ ಫೆಬ್ರವರಿಯಲ್ಲಿ ಗಾಂಧೀಜಿಯವರು ಅಸ್ಪೃಶ್ಯತೆಯ ನಿವಾರಣೆಗಾಗಿ ಕೈಗೊಂಡ ಯಾತ್ರೆಯಲ್ಲಿ ಕೊಡಗಿಗೂ ಬಂದರು. ಕಥೆಗಾರ್ತಿ ಕೊಡಗಿನ ಗೌರಮ್ಮನವರು ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದುದು ಆಗಲೇ. ಬೇಟೆ, ಬಂದೂಕು, ಸೈನ್ಯಗಳ ಸಂಪ್ರದಾಯವುಳ್ಳ ನಾಡಿನಲ್ಲಿ ಅಹಿಂಸೆಯ ಮಾತಿಗೂ ಕಿವಿಗೊಡುವ ಒಂದು ಪೀಳಿಗೆ ಸಿದ್ಧವಾಗುತ್ತಿತ್ತು.

1940ರಲ್ಲಿ ಗಾಂಧೀಜಿಯವರು ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. ಭಾರತೀಯರ ಒಪ್ಪಿಗೆಯಿಲ್ಲದೆ ಭಾರತವನ್ನು ಯುದ್ಧಕ್ಕೆ ಎಳೆದುದನ್ನು ಬಹಿರಂಗವಾಗಿ ವಿರೋಧಿಸುವುದೇ ಆ ಸತ್ಯಾಗ್ರಹದ ವಿಧಾನ. ಕೊಡಗಿನ ಅನೇಕ ಮನೆಗಳ ಮಕ್ಕಳು ಆಗ ಸೈನ್ಯದಲ್ಲಿದ್ದರು; ಮುಂದೆ ಪ್ರಸಿದ್ಧರಾದ ಕಾರ್ಯಪ್ಪ, ತಿಮ್ಮಯ್ಯ ಇವರಂತಹ ಅಧಿಕಾರಿಗಳು ಸೇವೆಯಲ್ಲಿದ್ದ ಕಾಲವದು. ಅಂತಹ ನಾಡಿನಲ್ಲಿ ಯುದ್ಧಕ್ಕೆ ನೆರವು ನೀಡಬಾರದೆಂದು ಹೇಳುವುದಕ್ಕೆ ಬೇರೊಂದು ಬಗೆಯ ಧೈರ್ಯ ಬೇಕಿತ್ತು. ಪೂಣಚ್ಚನವರು ಮತ್ತೆ ಸೆರೆಮನೆ ಸೇರಿದರು. 1942ರ ಚಳವಳಿಯಲ್ಲಿ ಪುನಃ ಬಂಧಿತರಾಗಿ 1944ರವರೆಗೆ ಸೆರೆಯಲ್ಲಿದ್ದರು. ಹೀಗೆ ಹೋರಾಟದ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದರು. ಅಧಿಕಾರದ ಪರೀಕ್ಷೆ ಮುಂದೆ ಕಾದಿತ್ತು.

ಆ ಪರೀಕ್ಷೆಯನ್ನು ತಿಳಿಯಬೇಕಾದರೆ ಕಾಂಗ್ರೆಸ್ಸು ಜನರಿಗೆ ಕೊಟ್ಟಿದ್ದ ಒಂದು ಮಾತನ್ನು ನೆನೆಯಬೇಕು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಗಳಿಗನುಸಾರವಾಗಿ ರಚಿಸಲು ನಿರ್ಧರಿಸಿತು. ಜನರ ಭಾಷೆಯಲ್ಲಿ ಆಡಳಿತ ನಡೆಯದೆ ಸ್ವರಾಜ್ಯ ಪೂರ್ಣವಾಗದೆಂಬುದು ಅದರ ಹಿಂದಿನ ವಿಚಾರ. ಆಗ ಕನ್ನಡಿಗರು ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ ಹಂಚಿಹೋಗಿದ್ದರು. ಸರಕಾರದ ನಕ್ಷೆಯಲ್ಲಿ ಕರ್ನಾಟಕವೆಂಬ ಪ್ರಾಂತವಿರಲಿಲ್ಲ. ಕಾಂಗ್ರೆಸ್ಸಿನ ನಕ್ಷೆಯಲ್ಲಿ ಇತ್ತು. ಕೊಡಗು ಆ ಕರ್ನಾಟಕ ಪ್ರಾಂತ ಸಮಿತಿಗೆ ಸೇರಿದ ಜಿಲ್ಲೆಯಾಗಿತ್ತು. ಪೂಣಚ್ಚನವರು ಕಾರ್ಯದರ್ಶಿಯಾಗಿ ದುಡಿದುದು ಇದೇ ವ್ಯವಸ್ಥೆಯೊಳಗೆ. ಅವರು ಮೊದಲ ಬಾರಿ ಸೆರೆಮನೆ ಸೇರಿದ 1932ನೆಯ ಇಸವಿಯಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನವು ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಮಡಿಕೇರಿಯಲ್ಲಿ ಸೇರಿತು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ತನ್ನ ವಂಶದ ಇತಿಹಾಸವನ್ನು ಕನ್ನಡದಲ್ಲಿ ಬರೆಯಿಸಿದ್ದನು, ಶಾಲೆಗಳಲ್ಲಿ ಕನ್ನಡವಿತ್ತು, ಕೊಡವ ಭಾಷೆಯನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯುವ ವಾಡಿಕೆಯಿತ್ತು. ಕೊಡಗು ಕನ್ನಡನಾಡಿನೊಡನೆ ಸೇರಬೇಕೆಂಬುವರಿಗೆ ಇವೆಲ್ಲವೂ ಆಧಾರಗಳಾಗಿದ್ದವು.

1945ರಲ್ಲಿ ಪೂಣಚ್ಚನವರು ಕೊಡಗಿನ ಶಾಸನ ಪರಿಷತ್ತಿಗೆ ಚುನಾಯಿತರಾಗಿ ಅಲ್ಲಿನ ಕಾಂಗ್ರೆಸ್ ಪಕ್ಷದ ನಾಯಕರಾದರು. ಭಾರತದ ಸಂವಿಧಾನ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸುವ ಗೌರವವೂ ಅವರಿಗೆ ದೊರೆಯಿತು. ದೆಹಲಿ, ಅಜ್ಮೀರ, ಕೊಡಗು ಮುಂತಾದ ಸೀಮೆಗಳನ್ನು ಆಗ ಸರಕಾರ ನೇಮಿಸಿದ ಮುಖ್ಯ ಆಯುಕ್ತರು ಆಳುತ್ತಿದ್ದರು. ಇವುಗಳ ಮುಂದಿನ ವ್ಯವಸ್ಥೆಯನ್ನು ಯೋಚಿಸಲು 1947ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿತವಾಯಿತು. ಪೂಣಚ್ಚನವರು ಅದರ ಸದಸ್ಯರಲ್ಲೊಬ್ಬರು. ಈ ಚಿಕ್ಕ ಸೀಮೆಗಳ ಜನರಿಗೂ ಚುನಾಯಿತ ಶಾಸನಸಭೆಯೂ ಜವಾಬ್ದಾರಿಯುಳ್ಳ ಮಂತ್ರಿಮಂಡಲವೂ ಇರಬೇಕೆಂದು ಸಮಿತಿ ಶಿಫಾರಸು ಮಾಡಿತು. ಅದರ ಜೊತೆಗೆ, ಕೊಡಗಿನಂತಹ ಸೀಮೆಗಳ ವಿಸ್ತೀರ್ಣವೂ ಸಂಪನ್ಮೂಲವೂ ಅಲ್ಪವಾದುದರಿಂದ ಮುಂದೊಂದು ದಿನ ಅವು ನೆರೆಯ ಪ್ರಾಂತದೊಡನೆ ಸೇರಬೇಕಾಗಬಹುದೆಂದೂ, ಜನರ ಇಚ್ಛೆಯನ್ನು ತಿಳಿದು ಹಾಗೆ ಮಾಡಲು ಅವಕಾಶವಿರಬೇಕೆಂದೂ ಅದು ಅಭಿಪ್ರಾಯಪಟ್ಟಿತು. ಕೊಡಗಿಗೆ ಸ್ವಂತ ಸರಕಾರ ಬೇಕೆಂಬ ಮಾತೂ, ಆ ಸರಕಾರ ಶಾಶ್ವತವಾಗಿರಬೇಕಿಲ್ಲವೆಂಬ ಮಾತೂ ಹೀಗೆ ಒಂದೇ ವರದಿಯಲ್ಲಿದ್ದವು.

ಇತ್ತ ದೆಹಲಿಯಲ್ಲಿ ಕಾಂಗ್ರೆಸ್ಸಿನ ಹಿರಿಯ ನಾಯಕರ ನಿಲುವು ಬದಲಾಗುತ್ತಿತ್ತು. ದೇಶ ವಿಭಜನೆಯಾಗಿ ರಕ್ತ ಹರಿದ ದಿನಗಳವು. ಭಾಷೆಯ ಹೆಸರಿನಲ್ಲಿ ದೇಶ ಮತ್ತೆ ಒಡೆದೀತೆಂಬ ಭಯ ಅವರನ್ನು ಕಾಡಿತು. ಧರ್ ಆಯೋಗವು 1948ರಲ್ಲಿ ಭಾಷಾವಾರು ಪ್ರಾಂತಗಳು ಬೇಡವೆಂದಿತು. ಬಳಿಕ ಜವಾಹರಲಾಲ ನೆಹರೂ, ವಲ್ಲಭಭಾಯಿ ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿಯೂ ಆ ವಿಚಾರವನ್ನು ಮುಂದೂಡುವುದೇ ಲೇಸೆಂದಿತು. 1920ರಲ್ಲಿ ಕೊಟ್ಟ ಮಾತು ಅಧಿಕಾರ ಬಂದೊಡನೆ ಹಿಂದೆ ಸರಿದಂತೆ ಜನರಿಗೆ ತೋರಿತು. ಆಂಧ್ರ ಪ್ರಾಂತಕ್ಕಾಗಿ ಉಪವಾಸ ಕೈಗೊಂಡ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟ ಮೇಲೆಯೇ ಸರಕಾರ ಮಣಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗದ ನೇಮಕವಾಯಿತು.

ಅಷ್ಟರಲ್ಲಿ ಕೊಡಗು ತನ್ನದೇ ಸರಕಾರವನ್ನು ಪಡೆದಿತ್ತು. 1951ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 2,29,000 ಮಾತ್ರ. ಇಪ್ಪತ್ತನಾಲ್ಕು ಸದಸ್ಯರ ಪುಟ್ಟ ವಿಧಾನಸಭೆಗೆ 1952ರಲ್ಲಿ ಚುನಾವಣೆ ನಡೆಯಿತು. ಕೊಡಗು ಕರ್ನಾಟಕದೊಡನೆ ಸೇರಬೇಕೇ, ಬೇರೆಯಾಗಿಯೇ ಉಳಿಯಬೇಕೇ ಎಂಬುದೇ ಆ ಚುನಾವಣೆಯ ದೊಡ್ಡ ಪ್ರಶ್ನೆ. ಪೂಣಚ್ಚನವರ ನಾಯಕತ್ವದ ಕಾಂಗ್ರೆಸ್ಸು ವಿಲೀನದ ಪರವಾಗಿ ನಿಂತಿತು. ಅದನ್ನು ವಿರೋಧಿಸಿದವರ ಗುರುತು ತಕ್ಕಡಿ. ತಕ್ಕಡಿ ಪಕ್ಷವೆಂದೇ ಹೆಸರಾದ ಆ ಬಣದ ನಾಯಕರು ಪಂದ್ಯಂಡ ಬೆಳ್ಯಪ್ಪನವರು.

ಬೆಳ್ಯಪ್ಪನವರು ಸಾಮಾನ್ಯರಲ್ಲ. ಪತ್ರಿಕೆ ನಡೆಸಿ ಜನರನ್ನು ಎಚ್ಚರಿಸಿದವರು. ಗಾಂಧೀಜಿಯವರ ಮಾರ್ಗವನ್ನು ಕೊಡಗಿನಲ್ಲಿ ಬೆಳೆಸಿದ ಹಿರಿಯರು. ಕೊಡಗಿನ ಗಾಂಧಿಯೆಂದು ಜನ ಅವರನ್ನು ಕರೆಯುತ್ತಿದ್ದರು. ಒಂದೇ ಗುರುವಿನ ಇಬ್ಬರು ಅನುಯಾಯಿಗಳು ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ಹಿಡಿದು ಎದುರುಬದುರಾಗಿ ನಿಂತರು. ವಿಲೀನದ ವಿರೋಧಿಗಳ ವಾದವೂ ಹಗುರವಾದುದಲ್ಲ. ಆಡಳಿತವು ಜನರಿಗೆ ಹತ್ತಿರದಲ್ಲಿರಬೇಕೆಂಬುದು ಗಾಂಧೀಜಿಯವರ ಬೋಧೆ. ಮಡಿಕೇರಿಯ ಸರಕಾರವನ್ನು ಕೊಡಗಿನ ರೈತ ಒಂದು ದಿನದಲ್ಲಿ ಕಂಡು ಬರಬಲ್ಲ. ದೂರದ ಬೆಂಗಳೂರಿನಲ್ಲಿ ಅವನ ಮಾತನ್ನು ಕೇಳುವವರಾರು? ಐನ್‌ಮನೆ, ಒಕ್ಕ, ಕೈಲ್‌ಪೊಳ್ದ್, ಪುತ್ತರಿ, ಕಾವೇರಿ ಸಂಕ್ರಮಣಗಳನ್ನೊಳಗೊಂಡ ಕೊಡವರ ಬಾಳುವೆಯೂ ಭಾಷೆಯೂ ದೊಡ್ಡ ರಾಜ್ಯದ ನಡುವೆ ಕರಗಿಹೋಗಲಾರವೇ? ಈ ಪ್ರಶ್ನೆಗಳು ಪ್ರಾಮಾಣಿಕವಾದವು. ಚಿಕ್ಕ ಜನಸಮುದಾಯದ ಸ್ವಯಮಾಡಳಿತವೂ ಸ್ವರಾಜ್ಯದ ತತ್ತ್ವದೊಳಗೇ ಸೇರಿದ್ದು. ಇತರರ ದೃಷ್ಟಿಯೂ ಅಷ್ಟೇ ಪ್ರಾಮಾಣಿಕ. ಕೊಡಗಿನಲ್ಲಿ ಕೊಡವರಲ್ಲದೆ ಅರೆಭಾಷೆಯನ್ನಾಡುವ ಗೌಡರೂ ಮುಸಲ್ಮಾನರೂ ಯರವ ಕುರುಬ ಮೊದಲಾದ ಜನರೂ ಇದ್ದರು. ಕೊಡವ ಭಾಷೆಯವರಿಗಿಂತ ಕನ್ನಡ ಭಾಷೆಯವರ ಸಂಖ್ಯೆಯೇ ಅಧಿಕವಾಗಿತ್ತು. ಉನ್ನತ ವಿದ್ಯೆ, ಉದ್ಯೋಗ, ದೊಡ್ಡ ಯೋಜನೆಗಳಿಗೆ ಕೊಡಗಿನ ಸಂಪನ್ಮೂಲ ಸಾಲದೆಂದು ವಿಲೀನವಾದಿಗಳು ವಾದಿಸಿದರು.

ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಹದಿನೈದು ಸ್ಥಾನಗಳೂ ಎದುರಾಳಿಗಳಿಗೆ ಒಂಬತ್ತು ಸ್ಥಾನಗಳೂ ದೊರೆತವು. 1952ರ ಮಾರ್ಚ್ 27ರಂದು ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಅವರ ಮಂತ್ರಿಮಂಡಲದಲ್ಲಿದ್ದವರು ಅವರೂ ಕೆ. ಮಲ್ಲಪ್ಪನವರೂ, ಇಬ್ಬರೇ.

ಅಧಿಕಾರದ ಪರೀಕ್ಷೆ ಈಗ ಎದುರಿಗೆ ಬಂದು ನಿಂತಿತು. ಕೊಡಗು ರಾಜ್ಯ ಉಳಿದರೆ ಪೂಣಚ್ಚನವರ ಪದವಿಯೂ ಉಳಿಯುತ್ತದೆ. ಪಕ್ಷದಲ್ಲಿ ಪ್ರಭಾವ, ಸಭೆಯಲ್ಲಿ ಬಹುಮತ ಎರಡೂ ಅವರಿಗಿದ್ದವು. ವಯಸ್ಸು ನಲವತ್ತೆರಡು ತುಂಬಿರಲಿಲ್ಲ. ವಿಲೀನವಾದರೆ ಮಡಿಕೇರಿ ರಾಜಧಾನಿಯ ಪಟ್ಟವನ್ನು ಕಳೆದುಕೊಳ್ಳುತ್ತದೆ. ವಿಧಾನಸಭೆ ಇಲ್ಲವಾಗುತ್ತದೆ. ಹೊಸ ರಾಜ್ಯದ ದೊಡ್ಡ ಸಭೆಯಲ್ಲಿ ಕೊಡಗಿಗೆ ದೊರೆಯುವುದು ಕೈಬೆರಳಿನಿಂದ ಎಣಿಸಬಹುದಾದಷ್ಟು ಸ್ಥಾನಗಳು. ಮನಸ್ಸು ಬದಲಾಯಿಸಲು ನೆಪಗಳಿಗೂ ಕೊರತೆಯಿರಲಿಲ್ಲ. ದೆಹಲಿಯ ಹಿರಿಯರೇ ಹಿಂಜರಿದಿದ್ದರು. ಕೊಡಗಿನಲ್ಲಿ ಬೇರೆಯಾಗಿ ಉಳಿಯಬೇಕೆಂಬುವರೂ ಬಹಳ ಮಂದಿ ಇದ್ದರು. ಜನರ ಭಾವನೆಗೆ ತಲೆಬಾಗಿದೆನೆಂದು ಹೇಳಿ ಅವರು ಪದವಿಯನ್ನು ಉಳಿಸಿಕೊಳ್ಳಲು ಯತ್ನಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1955ರ ಸೆಪ್ಟೆಂಬರಿನಲ್ಲಿ ಆಯೋಗವು ತನ್ನ ವರದಿಯನ್ನು ಸಲ್ಲಿಸಿತು. ಕೊಡಗು ಕರ್ನಾಟಕಕ್ಕೆ ಸೇರಬೇಕೆಂದು ಅದು ಸೂಚಿಸಿತು. ತಾವು ಚುನಾವಣೆಯಲ್ಲಿ ಜನರ ಮುಂದಿಟ್ಟ ಮಾತಿಗೆ ಪೂಣಚ್ಚನವರು ಬದ್ಧರಾಗಿ ನಿಂತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. ಕೊಡಗು ಅದರ ಒಂದು ಜಿಲ್ಲೆಯಾಯಿತು. ಅದರ ಹಿಂದಿನ ದಿನಕ್ಕೆ ಕೊಡಗಿನ ಮುಖ್ಯಮಂತ್ರಿ ಪದವಿ ಕೊನೆಗೊಂಡಿತು. ಆ ಪದವಿಯ ಮೊದಲಿಗರೂ ಕೊನೆಯವರೂ ಪೂಣಚ್ಚನವರೇ. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಪೂಣಚ್ಚನವರ ಚಿತ್ರ ಸುಂದರವಾಗಿ ಮುಗಿಯುತ್ತದೆ. ಆದರೆ ಜೀವನ ಚರಿತ್ರೆಗೆ ಸತ್ಯ ಮುಖ್ಯ. ವಿಲೀನದ ಪ್ರಶ್ನೆಯೊಂದರ ಮೇಲೆಯೇ ಪ್ರತ್ಯೇಕ ಜನಮತಗಣನೆ ನಡೆಯಲಿಲ್ಲ. ಚುನಾವಣೆಯ ತೀರ್ಪನ್ನೇ ಜನರ ಇಚ್ಛೆಯೆಂದು ಭಾವಿಸಲಾಯಿತು. ಇದರಿಂದ ನೊಂದವರು ಕೊಡಗಿನಲ್ಲಿ ಉಳಿದರು. ಪ್ರತ್ಯೇಕ ಆಡಳಿತದ ಬೇಡಿಕೆ ಮುಂದಿನ ದಶಕಗಳಲ್ಲಿಯೂ ಮತ್ತೆ ಮತ್ತೆ ಕೇಳಿಬಂದಿತು.

ಪೂಣಚ್ಚನವರ ಅಧಿಕಾರ ಜೀವನವೂ 1956ಕ್ಕೆ ಮುಗಿಯಲಿಲ್ಲ. ಹೊಸ ರಾಜ್ಯದಲ್ಲಿ ಕೆಲಕಾಲ ಮಂತ್ರಿಗಳಾಗಿದ್ದು, ಬಳಿಕ ಭಾರತ ಸರಕಾರದ ರಾಜ್ಯ ವ್ಯಾಪಾರ ನಿಗಮದ ಅಧ್ಯಕ್ಷರಾದರು. 1964ರಲ್ಲಿ ರಾಜ್ಯಸಭೆಗೂ 1967ರಲ್ಲಿ ಮಂಗಳೂರು ಕ್ಷೇತ್ರದಿಂದ ಲೋಕಸಭೆಗೂ ಆರಿಸಿ ಬಂದರು. ಕೇಂದ್ರದ ರೈಲ್ವೆ ಮಂತ್ರಿಗಳಾದರು. ರೈಲುಹಳಿಯೇ ಇಲ್ಲದ ಜಿಲ್ಲೆಯಿಂದ ಬಂದವರು ದೇಶದ ರೈಲುಗಳನ್ನು ನಡೆಸುವಂತಾಯಿತು.

ಆ ಅವಧಿಯಲ್ಲಿಯೇ ಇನ್ನೊಂದು ಪರೀಕ್ಷೆ ಬಂದಿತು. 1968ರ ಸೆಪ್ಟೆಂಬರ್ 19ರಂದು ಕೇಂದ್ರ ಸರಕಾರದ ನೌಕರರು, ಅಗತ್ಯಗಳಿಗೆ ತಕ್ಕ ಕನಿಷ್ಠ ವೇತನ ಮೊದಲಾದ ಬೇಡಿಕೆಗಳಿಗಾಗಿ ಒಂದು ದಿನದ ಮುಷ್ಕರ ಹೂಡಿದರು. ರೈಲ್ವೆ ನೌಕರರೂ ಅವರಲ್ಲಿದ್ದರು. ಸರಕಾರವು ಸುಗ್ರೀವಾಜ್ಞೆ ಹೊರಡಿಸಿ ಮುಷ್ಕರವನ್ನು ನಿಷೇಧಿಸಿತು. ಸಾವಿರಾರು ನೌಕರರು ಬಂಧಿತರಾದರು. ಪಠಾಣ್‌ಕೋಟಿನಲ್ಲಿ ಪೊಲೀಸರ ಗುಂಡಿಗೆ ಸಿಕ್ಕಿ ನೌಕರರು ಸತ್ತರು. ರೈಲು ನಿಂತರೆ ಜನಜೀವನವೇ ನಿಲ್ಲುತ್ತದೆಂಬುದು ಸರಕಾರದ ಸಮರ್ಥನೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೂ ಕಾನೂನನ್ನು ಶಾಂತಿಯಿಂದ ಮುರಿದು ನಾಲ್ಕು ಬಾರಿ ಸೆರೆ ಕಂಡಿದ್ದ ಸತ್ಯಾಗ್ರಹಿಯೊಬ್ಬರು, ಮುಷ್ಕರ ಹೂಡಿದವರನ್ನು ಸೆರೆಗೆ ತಳ್ಳಿದ ಸರಕಾರದಲ್ಲಿ ಮಂತ್ರಿಗಳಾಗಿದ್ದರು ಎಂಬುದನ್ನು ಮರೆಯುವಂತಿಲ್ಲ. ಸಂಸತ್ತೂ ಚುನಾವಣೆಯೂ ಇರುವ ಸ್ವತಂತ್ರ ದೇಶದಲ್ಲಿ ಸತ್ಯಾಗ್ರಹದ ಹಕ್ಕು ಎಷ್ಟು, ಆಳುವವರ ಹೊಣೆ ಎಷ್ಟು ಎಂಬ ಪ್ರಶ್ನೆಗೆ ಗಾಂಧೀಜಿಯವರ ಅನುಯಾಯಿಗಳಲ್ಲಿಯೇ ಒಮ್ಮತವಿರಲಿಲ್ಲ. ತಮ್ಮ ಪದವಿಗೆ ಹಾನಿಯಾಗುವೆಡೆಯಲ್ಲಿ ತತ್ತ್ವವನ್ನು ಬಿಡದ ಪೂಣಚ್ಚನವರು, ಇಲ್ಲಿ ಸರಕಾರದ ಜೊತೆಯಲ್ಲಿಯೇ ನಿಂತರು.

ಮುಂದೆ ಅವರು 1978ರಿಂದ 1980ರವರೆಗೆ ಮಧ್ಯಪ್ರದೇಶದ, ಅನಂತರ 1983ರವರೆಗೆ ಒರಿಸ್ಸಾದ ರಾಜ್ಯಪಾಲರಾಗಿದ್ದರು. 1990ರಲ್ಲಿ ತಮ್ಮ ಎಂಬತ್ತನೆಯ ವಯಸ್ಸಿಗೆ ಸಮೀಪದಲ್ಲಿದ್ದಾಗ ನಿಧನರಾದರು.

ನಾಯಕರು ತಮ್ಮ ತತ್ತ್ವಕ್ಕೆ ನಿಷ್ಠರಾಗಿರುವರೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭವಲ್ಲವೆಂದು ಪೂಣಚ್ಚನವರ ಬಾಳು ತೋರಿಸುತ್ತದೆ. ಒಂದು ತತ್ತ್ವದೊಳಗೆ ಹಲವು ಎಳೆಗಳಿರುತ್ತವೆ. ಭಾಷೆಯ ಐಕ್ಯವೆಂಬ ಎಳೆಯನ್ನು ಪೂಣಚ್ಚನವರು ಹಿಡಿದರು. ಚಿಕ್ಕ ನಾಡಿನ ಸ್ವಯಮಾಡಳಿತವೆಂಬ ಎಳೆಯನ್ನು ಬೆಳ್ಯಪ್ಪನವರು ಹಿಡಿದರು. ಇಬ್ಬರನ್ನೂ ದ್ರೋಹಿಗಳೆನ್ನಲಾಗದು. ಒಬ್ಬರ ತತ್ತ್ವನಿಷ್ಠೆಯನ್ನು ಅಳೆಯಲು ಅವರ ಭಾಷಣ ಸಾಲದು, ಸೆರೆವಾಸದ ಲೆಕ್ಕವೂ ಸಾಲದು. ತತ್ತ್ವವೂ ಸ್ವಂತ ಲಾಭವೂ ಬೇರೆ ಬೇರೆ ದಾರಿಗಳಲ್ಲಿ ಕರೆದಾಗ ಅವರು ಯಾವುದರ ಹಿಂದೆ ಹೋದರೆಂಬುದನ್ನು ನೋಡಬೇಕು. 1956ರ ನವೆಂಬರಿನಲ್ಲಿ ಪೂಣಚ್ಚನವರು ತತ್ತ್ವದ ಹಿಂದೆ ಹೋದರು. 1968ರ ಸೆಪ್ಟೆಂಬರನ್ನು ಮುಚ್ಚಿಡದೆಯೇ ಆ ಮಾತನ್ನು ಹೇಳಬಹುದು. ತಾವು ಕುಳಿತ ಪೀಠವನ್ನು ಉಳಿಸಿಕೊಳ್ಳಲು ನಾಡಿನ ಎಲ್ಲೆಗಳನ್ನು ಹಿಡಿದು ಜಗ್ಗಿದ ಅರಸರೂ ನಾಯಕರೂ ಲೋಕದಲ್ಲಿ ಅಸಂಖ್ಯರು. ಕೊಟ್ಟ ಮಾತಿಗಾಗಿ ತಮ್ಮ ರಾಜ್ಯವನ್ನೂ ತಮ್ಮ ಪೀಠವನ್ನೂ ಒಟ್ಟಿಗೆ ಬಿಟ್ಟುಕೊಟ್ಟವರು ವಿರಳ. ಕೊಡಗಿನ ಪೂಣಚ್ಚನವರು ಆ ವಿರಳರಲ್ಲೊಬ್ಬರು.